ಅಂತರಿಕ್ಷದ ಅಂಗಿ

ಅಂಗಿಯೊಳಗೆ ತಲೆ ತೂರಿಸಿದ ಕೂಡಲೇ ಅಫ್ತಾಬನ ಮೂಗಿಗೆ ಅಪ್ಪನ ವಾಸನೆ ಬಡಿಯಿತು. ಹಳೇ ಅರಳೆ, ಬೀಡಿ, ಬೆವರಿಗೆ ಬೆರೆತ ಕೊಬ್ಬರಿ ಎಣ್ಣೆ. ಗುಡುಸಾಬ ನದಾಫ ಸತ್ತು ಆರು ವರ್ಷವಾಗಿದ್ದರೂ ಅವನ ಎರಡು ಲುಂಗಿ, ಒಂದು ಬನಿಯನ್ನು ಈ ಬಿಳಿ ಅಂಗಿಯ ನಾಲ್ಕನೇ ಪದರಿನಲ್ಲಿ ಮಟ್ಟಸವಾಗಿ ಮಲಗಿದ್ದವು. ಅವ್ವ ಅವನನ್ನು ಒಂದು ಮಾತು ಕೇಳದೆ ಹಾಕಿಬಿಟ್ಟಿದ್ದಳು. ಕೇಳಿದ್ದರೆ ಇವನು ಬೇಡ ಅನ್ನುತ್ತಿದ್ದ, ಬೇಡ ಅಂದರೆ ಅವಳು, ಹಳೇ ಅರಿವಿ ಬಟ್ಟೆ ಇಲ್ಲದ ಕೌದಿಗೆ ಕಸುವು ಎಲ್ಲಿಂದ ಬರಬೇಕು ಅನ್ನುತ್ತಿದ್ದಳು. ಇದು ಕೌದಿಯಲ್ಲ, ಅಂತರಿಕ್ಷದ ಅಂಗಿ ಎಂದು ಐದು ತಿಂಗಳಿಂದ ಹೇಳಿ ಹೇಳಿ ಅವನ ಬಾಯಿ ಸವೆದಿತ್ತು. ಹೂಂ ಅನ್ನುವಳು, ಮತ್ತೆ ತನ್ನದೇ ನಡೆಸುವಳು. ಈಗಲೂ ಹಿಂದೆ ನಿಂತು ಬೆನ್ನಿನ ಬಟ್ಟೆಯನ್ನು ಕೆಳಗೆ ಜಗ್ಗುತ್ತಿದ್ದಳು, ಅವಳ ಬಾಯಿಯ ಎಲೆಅಡಿಕೆಯ ಹಸಿ ವಾಸನೆ ಅವನ ಕುತ್ತಿಗೆಗೆ ತಾಗುತ್ತಿತ್ತು. ಒಂದು ಕಡೆ ಸತ್ತ ಅಪ್ಪ, ಒಂದು ಕಡೆ ಬದುಕಿರುವ ಅವ್ವ, ನಡುವೆ ಮೂವತ್ತೈದು ವಯಸ್ಸಿನ ತಾನು ಕೂಸಿನ ಹಾಗೆ ಕೈ ಎತ್ತಿಕೊಂಡು ನಿಂತಿದ್ದೇನಲ್ಲ ಎಂದು ಅವನಿಗೆ ಹೇಸಿಕೆಯಾಯಿತು.

ಅವನು ಐದನೇ ಇಯತ್ತೆಯಲ್ಲಿದ್ದಾಗ ಟೀವಿಯಲ್ಲಿ ಆದಿತ್ಯವಾರಕ್ಕೊಮ್ಮೆ ‘ಕಕ್ಷೆ ಏಳು’ ಎಂಬ ಧಾರಾವಾಹಿ ಬರುತ್ತಿತ್ತು. ಅದರ ಕ್ಯಾಪ್ಟನ್ ತೊಡುತ್ತಿದ್ದ, ಕುತ್ತಿಗೆಯಿಂದ ಕಾಲಿನ ತನಕ ಒಂದೇ ಆದ ಬಿಳಿ ಅಂಗಿಗೆ ಎದೆಯ ಮೇಲೆ ಏಳು ಪಟ್ಟಿ, ತೋಳು ಒಂದೊಂದಕ್ಕೆ ಹನ್ನೆರಡು ಉಬ್ಬಿದ ಬಳೆ. ಬಸವನ ಬಾಗೇವಾಡಿಯ ಪಿಂಜಾರ ಓಣಿಯಲ್ಲಿ ಅರಳೆಯ ಧೂಳು ನುಂಗುತ್ತಾ, ಅಪ್ಪ ಬಿಲ್ಲು ಮೀಟಿ ಅರಳೆ ಹಿಂಜುವ ಸಪ್ಪಳದಲ್ಲಿ ಪಾಠ ಓದುತ್ತಾ, ಸಾಲೆಯಲ್ಲಿ ‘ಗಾದಿ’ ಎಂಬ ಹೆಸರಿಗೆ ಓಗೊಡುತ್ತಾ ಬೆಳೆದ ಹುಡುಗನಿಗೆ ಆ ಅಂಗಿಯ ಬಿಳುಪು ಬೇರೆ ಲೋಕದ್ದಾಗಿ ಕಂಡಿತ್ತು. ಅದರ ಮೇಲೆ ಒಂದು ಎಳೆ ಅರಳೆ ಅಂಟಿರಲಿಲ್ಲ. ಈಗ ಆ ಧಾರಾವಾಹಿಯ ಹುಚ್ಚರದೇ ಒಂದು ಬಳಗ ಫೋನಿನಲ್ಲಿ ಹುಟ್ಟಿಕೊಂಡಿತ್ತು. ಅದರಲ್ಲಿದ್ದ ವಕೀಲರು, ಬ್ಯಾಂಕಿನವರು, ಮಾಸ್ತರರು ಒಬ್ಬೊಬ್ಬರು ಒಂದೊಂದು ವಸ್ತುವನ್ನು ಅಸಲಿನಷ್ಟೇ ಅಳತೆಯಲ್ಲಿ ಸ್ವಂತ ಕೈಯಿಂದ ಮಾಡಬೇಕು. ಬಳಗ ಕಟ್ಟಿದ ಸುಧೀರ ಸರ್ ಮುದ್ದೇಬಿಹಾಳದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ನೌಕೆಯ ನಿಯಂತ್ರಣ ಫಲಕವನ್ನೇ ಮನೆಯಲ್ಲಿ ಕಟ್ಟಿ ನಿಲ್ಲಿಸಿದ್ದರು. ಅಂಗಿಯ ಗೋಜಿಗೆ ಮಾತ್ರ ಯಾರೂ ಹೋಗಿರಲಿಲ್ಲ. ನಾನು ಮಾಡುತ್ತೇನೆ ಎಂದು ಅಫ್ತಾಬ ಬರೆದ ದಿನ ಬಳಗದಲ್ಲಿ ನೂರಾರು ಚಪ್ಪಾಳೆ ಬಿದ್ದವು. ಮುಳವಾಡದ ಏತ ನೀರಾವರಿ ಪಂಪ್‌ಹೌಸಿನಲ್ಲಿ ಗುತ್ತಿಗೆಯ ಆಪರೇಟರ್ ಆಗಿ ದಿನಕ್ಕೆ ಎಂಟು ತಾಸು ಗಡಿಯಾರದಂಥ ಮೀಟರುಗಳ ಮುಳ್ಳು ನೋಡುತ್ತಾ ಕೂರುವವನಿಗೆ ಜೀವಮಾನದಲ್ಲಿ ಬಿದ್ದ ಮೊದಲ ಚಪ್ಪಾಳೆಗಳು ಅವು.

ಹೊಲಿಯುವುದು ಅವನಿಗೆ ಬರುತ್ತಿರಲಿಲ್ಲ. ನಿಜ ಅದು, ಅದನ್ನು ಎಲ್ಲಿ ಮುಚ್ಚಿಡಬೇಕು? ಎರಡು ವಾರ ಸೂಜಿ ಹಿಡಿದು ಬೆರಳೆಲ್ಲ ತೂತು ಮಾಡಿಕೊಂಡು, ಸೊಂಡಿಲಿನ ಹಾಗೆ ಜೋತುಬಿದ್ದ ಒಂದು ತೋಳು ಹೊಲಿದಾಗ ಅವ್ವ ಇಮಾಮಬಿ ಅದನ್ನು ಅವನ ಕೈಯಿಂದ ಕಸಿದುಕೊಂಡು ಹಲ್ಲಿನಿಂದ ದಾರ ಕಡಿದು ಬಿಚ್ಚಿದಳು. ಅಲ್ಲಿಂದ ಆ ಅಂಗಿ ಅವಳದಾಯಿತು. ಫೋನಿನಲ್ಲಿ ಚಿತ್ರ ನಿಲ್ಲಿಸಿ ತೋರಿಸಿದರೆ ಕಣ್ಣು ಕಿರಿದು ಮಾಡಿ ನೋಡುವಳು, ಇವನು ಹಿಡಿದ ಟೇಪು ಪಕ್ಕಕ್ಕೆ ಸರಿಸಿ ಗೇಣಿನಲ್ಲಿ ಅಳೆಯುವಳು. ಅವಳ ಗೇಣು ಒಂದು ಸಲವೂ ತಪ್ಪಲಿಲ್ಲ. ಅರಳೆಯನ್ನು ಬತ್ತಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಬೆರಳಿಗೊಂದು ಎಳೆಯಂತೆ ಕೌದಿಯ ಹೊಲಿಗೆ ಹಾಕಿ ಹನ್ನೆರಡು ಬಳೆ ಎಬ್ಬಿಸಿದಳು. ಈ ಕ್ಯಾಪ್ಟನ್ ಇದರಾಗ ಎಲ್ಲಿ ಉಚ್ಚಿ ಹೊಯ್ತಾನಪಾ ಎಂದು ಒಮ್ಮೆ ಕೇಳಿ ತಾನೇ ನಕ್ಕಳು. ಅವನಿಗೆ ನಗೆ ಬರಲಿಲ್ಲ. ಸೂಜಿಗೆ ಪೋಣಿಸುವ ಮುಂಚೆ ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡುವುದು ಅವಳ ಚಾಳಿ. ಎಲೆಅಡಿಕೆಯ ಬಾಯಿ. ಬಿಳಿ ಬಟ್ಟೆಯ ಮೇಲೆ ಹೊಲಿಗೆ ಶುರುವಾಗುವ ಕಡೆಯಲ್ಲೆಲ್ಲ ತಿಳಿಗೆಂಪಿನ ಒಂದು ಚುಕ್ಕೆ. ಅವಳು ಮಧ್ಯಾಹ್ನ ಅಡ್ಡಾದಾಗ ಅವನು ಸೀಮೆಸುಣ್ಣದ ಕಡ್ಡಿ ಹಿಡಿದು ಕೂತು, ಒಂದೊಂದನ್ನೇ ತಿಕ್ಕಿ ಮುಚ್ಚುತ್ತಿದ್ದ. ತಾಯಿಯ ಉಗುಳಿಗೆ ಅಸಹ್ಯಪಡುವ ಮಗ ಎಂಥವನು ಎಂದು ತನ್ನನ್ನೇ ಕೇಳಿಕೊಳ್ಳುವನು, ಕೇಳಿಕೊಳ್ಳುತ್ತಲೇ ತಿಕ್ಕುವನು. ಇದೇ ಕೈಯಿಂದ ಅವಳು ಕಲಸಿ ಕೊಟ್ಟ ತುತ್ತು ತಿಂದು ಬೆಳೆದಿದ್ದೆನಲ್ಲ, ಆಗ ಎಲ್ಲಿ ಹೋಗಿತ್ತು ಈ ಅಸಹ್ಯ ಎಂದುಕೊಳ್ಳುವನು. ಆಗ ನೋಡುವವರು ಯಾರೂ ಇರಲಿಲ್ಲ, ಅಷ್ಟೇ.

ಸಿಂದಗಿಯಿಂದ ಹೆಣ್ಣಿನ ಕಡೆಯವರು ಬಂದಾಗ ಪಡಸಾಲೆಯ ಗೂಟಕ್ಕೆ ತಲೆಯಿಲ್ಲದ ಈ ಬಿಳಿ ಆಕೃತಿ ನೇತಾಡುತ್ತಿತ್ತು. ಬಂದವರಲ್ಲಿ ಹಿರಿಯರಾದ ಬಾಬುಲಾಲ ಎಂಬವರು ಚಹದ ಬಟ್ಟಲು ಹಿಡಿದುಕೊಂಡೇ ಅದನ್ನು ಸುತ್ತು ಹಾಕಿ ನೋಡಿ, ಹುಡುಗ ಇದನ್ನು ತೊಟ್ಟುಕೊಂಡು ಎಲ್ಲಿಗೆ ಹೋಗುತ್ತಾನೆ ಎಂದು ವಿಚಾರಿಸಿದರು. ಎಲ್ಲಿಗೂ ಇಲ್ಲ ಅಂದ ಅಫ್ತಾಬ. ಅವರು ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟರು. ಸಂಬಂಧ ಅಲ್ಲಿಗೇ ಹರಿಯಿತು. ಅವರು ಹೋದ ಮೇಲೆ ಇಮಾಮಬಿ ಬೈಯಲಿಲ್ಲ, ಅಳಲಿಲ್ಲ, ಗೂಟದಿಂದ ಅಂಗಿ ಇಳಿಸಿಕೊಂಡು ಎಡಗಾಲಿನ ಹೊಲಿಗೆ ಮುಂದುವರಿಸಿದಳು. ಅವಳಿಗೂ ಇದರ ಗೀಳು ಹತ್ತಿತ್ತು. ಇಪ್ಪತ್ತು ವರ್ಷ ಮಂದಿಯ ಗಾದಿ, ಮಂದಿಯ ಕೌದಿ ಹೊಲಿದವಳಿಗೆ ನಿಂತುಕೊಳ್ಳುವ ಕೌದಿ ಇದೇ ಮೊದಲು. ಇದು ನಿಂತಿದ್ದನ್ನ ಒಮ್ಮಿ ನೋಡಬೇಕಪಾ ಅಂತ ಆಗಾಗ ಅನ್ನುತ್ತಿದ್ದಳು.

ಅದೇ ಹೊತ್ತಿಗೆ ಅವನು ಬಳಗಕ್ಕೆ ಫೋಟೋ ಕಳಿಸತೊಡಗಿದ್ದ. ಅವಳು ಒಲೆಯ ಮುಂದಕ್ಕೆ ಎದ್ದುಹೋದಾಗ ಅವಳು ಚುಚ್ಚಿಟ್ಟ ಸೂಜಿಯನ್ನು ತಾನು ಹಿಡಿದು, ಎಡಗೈಯಿಂದ ಫೋಟೋ ತೆಗೆಯುತ್ತಿದ್ದ. ಎಂಥಾ ಕೈಚಳಕ ಅಂದರು. ಕೌದಿಯ ಹೊಲಿಗೆಯನ್ನು ವಿಜ್ಞಾನಕ್ಕೆ ಬಳಸಿದ ನಮ್ಮ ನದಾಫರು ಅಂದರು. ಎಲ್ಲ ಸ್ವಂತ ಕೈಲೆ ಹೌದಲ್ಲೊ ಎಂದು ಸುಧೀರ ಸರ್ ಕೇಳಿದ್ದರು, ಹೌದ್ರಿ ಸರ್ ಎಂದು ಬರೆದ. ಬರೆಯಲಿಕ್ಕೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಪಂಪ್‌ಹೌಸಿನಲ್ಲಿ ಮೀಟರಿನ ಗಾಜಿನೊಳಗೆ ಸಿಕ್ಕು ಒಣಗಿದ ಹಲ್ಲಿಯನ್ನು ನೋಡುತ್ತಾ ಒಂದು ಪಾಳಿಯಿಡೀ ಕೂತ. ಈಗ ಅಳಿಸಿದರೆ ಅಳಿಸಿದ್ದು ಎಲ್ಲರಿಗೂ ಕಾಣುತ್ತದೆ. ನಾಳೆ ಬೆಳಗಾದರೆ ಆದಿತ್ಯವಾರ, ಮುದ್ದೇಬಿಹಾಳದ ಸಭಾಭವನದಲ್ಲಿ ಎಲ್ಲರ ಎದುರು ಅಂಗಿ ನಿಲ್ಲಿಸಬೇಕು, ಸ್ವಹಸ್ತದ ಪ್ರಮಾಣಪತ್ರ ಕೈಗೆ ಬರಬೇಕು. ಅವ್ವನ ಹೆಸರು ಹೇಳಿದರೆ ಅದು ಹೋಯಿತು, ಹೇಳದಿದ್ದರೆ ತಾನು ಹೋದ. ಐದು ತಿಂಗಳು ಅವನು ಇದೊಂದನ್ನೇ ನುಂಗಲಾರದೆ ಉಗುಳಲಾರದೆ ಬಾಯಲ್ಲಿಟ್ಟುಕೊಂಡಿದ್ದ.

ಅವ್ವ ಹಿಂದಿನಿಂದ ಜಗ್ಗಿದ ಅಂಗಿ ಮೈಗೆ ಸರಿಯಾಗಿ ಕೂತಿತು. ಹೆಗಲು, ತೋಳು, ಎದೆ ಎಲ್ಲವೂ ನೆಟ್ಟಗೆ. ಹಾಂ, ಈಗ ಕ್ಯಾಪ್ಟನ್ ಆದಿ ನೋಡು ಅಂದಳು ಇಮಾಮಬಿ. ಅವನು ಕಪಾಟಿನ ಕನ್ನಡಿಯ ಕಡೆ ತಿರುಗಿದ. ಅಷ್ಟರಲ್ಲಿ ಕುತ್ತಿಗೆಯ ಹಿಂದೆ ಏನೋ ಕಡಿಯಿತು. ಆಮೇಲೆ ಬೆನ್ನಿನಲ್ಲಿ, ಆಮೇಲೆ ಕಂಕುಳಲ್ಲಿ ಒಂದೇ ಸಲಕ್ಕೆ ಹತ್ತು ಕಡೆ. ಅವನು ಮೈಯನ್ನು ಗೋಡೆಗೆ ತಿಕ್ಕಿದ, ತಾಳು ತಾಳು ಎಂದು ಅವ್ವ ಕಟ್ಟು ಬಿಚ್ಚುವಷ್ಟರಲ್ಲಿ ಕೊಸರಿ ಕೊಸರಿ ಹೊರಬಂದ. ಬನಿಯನ್ನಿನ ಮೇಲೆಲ್ಲ ಕೆಂಜಿಗ. ಅಂಗಿಯ ಬೆನ್ನಿನ ಒಳಗೆ, ಅಸ್ತರಿನ ಹೊಲಿಗೆಯ ಸಂದಿಯಿಂದ ಅವು ದಾರದ ಹಾಗೆ ಸಾಲಾಗಿ ಬರುತ್ತಿದ್ದವು. ಅಫ್ತಾಬ ಬ್ಲೇಡು ತಗೊಂಡು ಕುತ್ತಿಗೆಯಿಂದ ಸೊಂಟದ ತನಕ ಸರ್ರನೆ ಸೀಳಿದ. ಇಮಾಮಬಿ ಕೈ ಚಾಚಿದಳು, ಹಿಡಿಯಲಿಲ್ಲ. ಅರಳೆಯ ನಡುವೆ ಲಿಂಬೆಹಣ್ಣಿನ ಗಾತ್ರದ ಒಂದು ಬಟ್ಟೆಯ ಗಂಟು, ಬಿಚ್ಚಿದರೆ ಬೆಲ್ಲ ಸವರಿದ ಜೋಳದ ರೊಟ್ಟಿಯ ಚೂರು, ಕಪ್ಪಾಗಿ ಅಂಟಾಗಿ ಹೋಗಿ ಅದರ ಮೇಲೆ ಗಿಜಿಗುಡುವ ಇರುವೆ, ಇರುವೆಯ ಬಿಳಿ ತತ್ತಿ.

ಇಮಾಮಬಿ ಅದನ್ನು ತಾನೇ ಇಟ್ಟದ್ದಾಗಿ ಹೇಳಿದಳು, ಅಡಗಿಸುವಂಥದ್ದು ಏನಿದೆ ಅನ್ನುವ ದನಿಯಲ್ಲಿ. ಕೌದಿಯ ಕೊನೇ ಮೂಲೆ ಮುಚ್ಚುವ ಮುಂಚೆ ಅದರ ಹೊಟ್ಟೆಗೆ ಒಂದು ತುತ್ತು ಇಡುತ್ತಾರೆ, ಹೊದ್ದವರು ಹಸಿದು ಮಲಗಬಾರದು ಅಂತ. ಅವಳ ಅವ್ವ ಇಟ್ಟಿದ್ದಳು, ಅವಳ ಅತ್ತೆ ಇಟ್ಟಿದ್ದಳು. ಒಣ ರೊಟ್ಟಿಯಾದರೆ ಇರುವೆ ಬರುತ್ತಿರಲಿಲ್ಲ, ಅಷ್ಟು ದೂರ ಹೋಗುವವನಿಗೆ ಬರೇ ರೊಟ್ಟಿ ಹೆಂಗ ಇಡಲಿ ಅಂತ ಬೆಲ್ಲ ಸವರಿದ್ದಳಂತೆ. ಅಫ್ತಾಬ ಹೊರಗೆ ಹೋಗಿ ಗಂಟನ್ನು ಗಟಾರಕ್ಕೆ ಎಸೆದು ಬಂದ. ಕೈ ಎಷ್ಟು ತೊಳೆದರೂ ಅಂಟು ಹೋಗಲಿಲ್ಲ. ಹೇಸಿಕಿ, ಬರೇ ಹೇಸಿಕಿ, ಈ ಮನಿಯೊಳಗ ಏನ ಮಾಡಿದ್ರೂ ಕಡೀಕ ಗಾದಿನ ಆಗತೈತಿ ಅಂದ. ಅಂದದ್ದು ಅವಳಿಗೆ ತಾಗಲಿ ಎಂದೇ ಅಂದ. ಇಮಾಮಬಿ ಸೀಳಿದ ಅಂಗಿಯನ್ನು ತೊಡೆಯ ಮೇಲೆ ಎಳಕೊಂಡು, ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಕೊಡವಿ, ಸಂಜೆಯೊಳಗೆ ಮತ್ತೆ ಹೊಲಿದಳು. ಆದರೆ ಸೀಳಿನಲ್ಲಿ ಒಳಹೊಲಿಗೆಗಳೂ ಹರಿದಿದ್ದವು, ಹೆಗಲಿನ ಅರಳೆ ಕೆಳಗೆ ಇಳಿದಿತ್ತು. ಹೆಗಲು ಇನ್ನ ನಿಂದ್ರೂದಿಲ್ಲ ಅಂದಳು. ನಿಲ್ಲುತ್ತದೆ ಅಂದ ಅವನು.

ಮರುದಿನ ಬಸ್ಸಿನಲ್ಲಿ ಅಂಗಿಯನ್ನು ಚಾದರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಅದು ಗಾದಿಯಲ್ಲದೆ ಬೇರೆ ಏನೂ ಆಗಿ ಕಾಣಲಿಲ್ಲ. ನಿಡಗುಂದಿಯಲ್ಲಿ ಬಸ್ಸು ಬದಲಿಸುವಾಗ ಒಬ್ಬ ಹಳೇ ಗಿರಾಕಿ ಇಮಾಮಬಿಯನ್ನು ಗುರುತು ಹಿಡಿದು, ಒಂದು ಗಾದಿ ಹಿಂಜಿ ಕೊಡುತ್ತೀ ಏನವ್ವಾ ಎಂದು ವಿಚಾರಿಸಿದ. ಅವಳು ಅವನ ಊರು, ಮನೆ, ಹೆಂಡತಿ, ಎಮ್ಮೆ ಎಲ್ಲ ಕೇಳಿಕೊಂಡು ಬಂದಳು. ಹೊಲಿಗೆ ಹರಿದರೆ ಕೈಗೆ ಬೇಕಾಗುತ್ತಾಳೆ ಎಂದೇ ಅವನು ಅವಳನ್ನು ಕರಕೊಂಡು ಬಂದಿದ್ದ. ಅವಳು ಮಾತ್ರ ಪೆಟಾರಿಯಲ್ಲಿಟ್ಟ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಎಲೆಅಡಿಕೆ ಹಾಕಿರಲಿಲ್ಲ, ಬಾಯಿ ತಿಕ್ಕಿ ತಿಕ್ಕಿ ತೊಳೆದಿದ್ದಳು. ಸುಣ್ಣದ ಕಡ್ಡಿಯ ಸಂಗತಿ ಇವಳಿಗೆ ಮೊದಲಿಂದ ಗೊತ್ತಿತ್ತೇನು ಎಂಬ ವಿಚಾರ ಬಂದು ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಸಭಾಭವನದಲ್ಲಿ ಸುಧೀರ ಸರ್ ಬಾಗಿಲ ತನಕ ಬಂದು ಅವನ ಕೈ ಹಿಡಿದು ಕುಲುಕಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಬಿಳಿ ತಲೆಯ ಹೆಣ್ಣುಮಗಳ ಹತ್ತಿರ ಕರಕೊಂಡು ಹೋಗಿ, ನಮ್ಮ ಆಯಿ, ನಲಿನಿಬಾಯಿ ಅಂತ ಎಂದು ತಾಯಿಯ ಪರಿಚಯ ಮಾಡಿಕೊಟ್ಟರು. ಆಯಿ ಕೈಮುಗಿದರು. ಆಮೇಲೆ ಸರ್ ಅವನ ಹಿಂದೆ ಗಂಟು ಹೊತ್ತು ನಿಂತ ಹಸಿರು ಸೀರೆಯನ್ನು ನೋಡಿದರು. ನೋಡಿದ್ದರಲ್ಲಿ ಕುಹಕ ಏನೂ ಇರಲಿಲ್ಲ, ಇವರ ಪರಿಚಯ ಆಗಲಿಲ್ಲಲ್ಲ ಅಂತ ಕೇಳುವ ಸಾದಾ ಮರ್ಯಾದೆ ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಅಫ್ತಾಬನ ಕೈ ತಾನಾಗಿಯೇ ತನ್ನ ಬೆರಳುಗಳನ್ನು ಮುಚ್ಚಿತು.

‘ಹೊಲಿಗಿ ಕೆಲಸಕ್ಕ ಬರ್ತಾರ್ರಿ ಸರ್. ಗಂಟು ಹೊರಾಕ ಬೇಕಾಗಿತ್ತು, ಕರಕೊಂಡು ಬಂದೆ.’

ಅವನ ಬಾಯಿಂದಲೇ ಬಂತು. ಕಿವಿಗೂ ಬಿತ್ತು. ಇಮಾಮಬಿ ಸೆರಗು ಹಣೆಯ ತನಕ ಎಳೆದುಕೊಂಡು ಸುಧೀರ ಸರ್‌ಗೆ ನಮಸ್ಕಾರ ಮಾಡಿ, ಗಂಟನ್ನು ಜೋಕೆಯಿಂದ ನೆಲಕ್ಕಿಟ್ಟು, ಗೋಡೆಯ ಬದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಕುರ್ಚಿಗಳು ಖಾಲಿ ಇದ್ದವು. ಸರ್ ಹೆಂಡತಿ ಮೃಣಾಲಿನಿಬಾಯಿ ಕುರ್ಚಿಯ ಮೇಲೆ ಕೂಡಲಿಕ್ಕೆ ಎರಡು ಸಲ ಹೇಳಿದರು. ಇರಲ್ರಿ ಬಾಯಾರ, ರೂಢಿ ಐತಿ ಅಂದಳಂತೆ. ಕಾಗದದ ಕಪ್ಪಿನಲ್ಲಿ ಕೊಟ್ಟ ಚಹವನ್ನು ಅವಳು ಊದಿ ಊದಿ ಕುಡಿಯುವುದು ಸಭಾಭವನದ ಆ ತುದಿಯಿಂದ ಅಫ್ತಾಬನಿಗೆ ಕಂಡಿತು. ಅವಳು ಒಂದು ಸಲ ಸಿಟ್ಟಿನಿಂದ ನೋಡಿದ್ದರೆ ಸಾಕಾಗಿತ್ತು. ನೋಡಲಿಲ್ಲ. ಹೊಲಿಗೆ ಕೆಲಸಕ್ಕೆ ಬಂದವಳು ಎಷ್ಟು ನೋಡಬೇಕೋ ಅಷ್ಟೇ ನೋಡುತ್ತಿದ್ದಳು.

ಬಿದಿರಿನ ಕಟ್ಟಿಗೆಗೆ ಅಂಗಿ ತೊಡಿಸಿದರೆ ಹೆಗಲು ಕುಸಿದು ಬಿತ್ತು. ಎದೆಯ ಏಳು ಪಟ್ಟಿ ಮಡಚಿ ಮೂರಾದವು. ಎಲ್ಲರೂ ಒಂದೊಂದು ಉಪಾಯ ಹೇಳಿದರು, ರಟ್ಟು ತುರುಕಿದರು, ತಂತಿ ಕಟ್ಟಿದರು. ಕಡೆಗೆ ಸುಧೀರ ಸರ್, ಹಿಂದ ಯಾರರೆ ನಿಂತು ಹೆಗಲು ಎತ್ತಿ ಹಿಡೀಬೇಕು, ಆ ಬಾಯಾರು ಗಿಡ್ಡ ಅದಾರ, ಅಂಗಿ ಮರೀಗೆ ಕಾಣೂದಿಲ್ಲ ಅಂದರು. ಕರೆಯುವ ಮುಂಚೆಯೇ ಇಮಾಮಬಿ ಎದ್ದು ಬಂದಿದ್ದಳು. ಅಂಗಿಯ ಹಿಂದೆ ನಿಂತು ಎರಡೂ ಕಂಕುಳಲ್ಲಿ ಕೈ ಕೊಟ್ಟು ಎತ್ತಿದಳು. ಅಂಗಿ ನಿಂತಿತು. ಅಂಗಿಯಷ್ಟೇ ಕಾಣುತ್ತಿತ್ತು, ಬಿಳಿದಾಗಿ, ಬೇರೆ ಲೋಕದ್ದಾಗಿ. ಜನ ಅಬಾ ಅಂದರು. ಒಂದು ತಾಸು, ಒಂದೂವರೆ ತಾಸು ಅವಳು ಹಾಗೆಯೇ ನಿಂತಳು. ಇದು ನಿಂತಿದ್ದನ್ನು ನೋಡಬೇಕು ಅಂದವಳಿಗೆ ಅಂಗಿಯ ಬೆನ್ನು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ.

ಸುಧೀರ ಸರ್ ಮಾತಾಡಿದರು. ಫಲಕದ ಗುಂಡಿಗಳಿಗೆಲ್ಲ ಬಣ್ಣದ ಕಾಗದ ಅಂಟಿಸಿದ್ದು ತಮ್ಮ ಆಯಿ, ಎಂಬತ್ತರ ಹತ್ತಿರ ಬಂದರೂ ಅವರ ಕೈ ನಡುಗುವುದಿಲ್ಲ ಎಂದು ಹೇಳಿದರು. ಸ್ವಹಸ್ತ ಅಂದರೆ ಅಂಗಡಿಯಿಂದ ತಂದದ್ದಲ್ಲ ಅಂತ ಅರ್ಥ, ಮನೆಯವರ ಕೈ ಕೂಡದೆ ಯಾವ ಕೆಲಸ ಆಗುತ್ತದೆ, ಎಂದರು. ನಲಿನಿಬಾಯಿ ನಾಚಿ ತಲೆ ತಗ್ಗಿಸಿದರು, ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಫ್ತಾಬ ಚಪ್ಪಾಳೆಗೆ ಎತ್ತಿದ ಕೈಯನ್ನು ಕೆಳಗಿಳಿಸಿದ. ಹಾಗಾದರೆ ಹೇಳಬಹುದಿತ್ತು. ಐದು ತಿಂಗಳಲ್ಲಿ ಯಾವ ದಿನ ಹೇಳಿದ್ದರೂ ನಡೆಯುತ್ತಿತ್ತು. ಅವಳ ಹೆಸರು ಹೇಳಿದರೆ ಹೋಗುತ್ತದೆ ಎಂದು ಅವನು ಕಾಪಾಡಿಕೊಂಡದ್ದಕ್ಕೆ ಯಾರೂ ಕೈ ಹಾಕಿರಲೇ ಇಲ್ಲ. ಸರ್ ಮೈಕು ತಂದು ಅವನ ಕೈಗೆ ಕೊಟ್ಟರು. ಬಾಜೂಕ್ಕೆ ಅಂಗಿಯ ಹೆಗಲು ಅವಳ ಉಸಿರಿಗೆ ತುಸು ಏರಿ ತುಸು ಇಳಿಯುತ್ತಿತ್ತು. ಇನ್ನೂ ಹೊತ್ತು ಮೀರಿಲ್ಲ, ಮೂರೇ ಅಕ್ಷರ, ನಮ್ಮವ್ವ ಅಂದರೆ ಮುಗಿಯಿತು. ಆದರೆ ಅಂದರೆ, ಒಂದು ತಾಸಿನ ಹಿಂದೆ ಅಂದದ್ದು ಏನು ಎಂದು ಎಲ್ಲರೂ ತಿರುಗಿ ಕೇಳುತ್ತಾರೆ. ಮೊದಲ ಸುಳ್ಳು ಪ್ರಮಾಣಪತ್ರಕ್ಕಾಗಿ, ಈಗಿನದು ಮೊದಲನೇ ಸುಳ್ಳಿಗಾಗಿ. ಅವನು ಮೈಕಿನಲ್ಲಿ ಏಳು ಪದರಿನ ಲೆಕ್ಕ ಹೇಳಿದ, ಡ್ರಿಲ್ ಬಟ್ಟೆಯ ಗುಣ ಹೇಳಿದ, ರಜೆ ಕೊಟ್ಟ ಪಂಪ್‌ಹೌಸಿನ ಸಾಹೇಬರಿಗೆ ಉಪಕಾರ ಹೇಳಿದ. ಅವನ ದನಿ ಸ್ಪಷ್ಟವಾಗಿತ್ತು, ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯ ತಂದಿತು.

ಮೂರು ಗಂಟೆಯ ಬಿಸಿಲಿನಲ್ಲಿ ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಕಲ್ಲಿನ ಬೆಂಚಿನ ಮೇಲೆ ಕೂತರು, ನಡುವೆ ಗಂಟು. ಇಮಾಮಬಿ ತೋಳುಗಳನ್ನು ಒಂದಾದ ಮೇಲೊಂದು ನೀವಿಕೊಳ್ಳುತ್ತಿದ್ದಳು. ಅಫ್ತಾಬನ ಫೋನಿಗೆ ಫೋಟೋ ಬಂತು, ನಡುವೆ ಅಂಗಿ, ಬಾಜೂಕ್ಕೆ ಪ್ರಮಾಣಪತ್ರ ಹಿಡಿದ ತಾನು. ಅದರ ಬೆನ್ನಿಗೇ ಯಾರೋ, ಸಿಂದಗಿಯ ನಿಯಾಜ ಎಂಬವನು, ಕಂಕುಳಾಗ ನಾಕ ಬೆರಳ ಕಾಣತಾವು ಯಾರವು ಎಂದು ಬರೆದು ನಕ್ಕ ಗುರುತು ಹಾಕಿದ್ದ. ದೊಡ್ಡದು ಮಾಡಿ ನೋಡಿದ. ಬಿಳಿ ಬಟ್ಟೆಯ ಮೇಲೆ ನಾಲ್ಕು ಬೆರಳು, ಸೂಜಿ ಚುಚ್ಚಿ ಚುಚ್ಚಿ ತುದಿ ಕಪ್ಪಾದವು. ಫೋಟೋ ತಿದ್ದುವ ಸಾಧನ ಅವನ ಫೋನಿನಲ್ಲಿತ್ತು. ಬೇಡದ್ದರ ಸುತ್ತ ಬೆರಳಿಂದ ಗೆರೆ ಎಳೆದರೆ ಅದು ಮಾಯವಾಗಿ ಹಿಂದಿನ ಬಣ್ಣ ತುಂಬಿಕೊಳ್ಳುತ್ತದೆ. ಅವನು ಗೆರೆ ಎಳೆದ. ಒಂದು ಗಳಿಗೆ ಫೋನು ಯೋಚಿಸಿತು, ಬೆರಳು ಹೋದವು. ತಿದ್ದಿದ್ದನ್ನು ಬಳಗಕ್ಕೆ ಹಾಕಿದ. ತಾನು ಮಾಡಿದ್ದು ಏನು ಎಂದು ಅವನಿಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಗಿ ಮಾಡಿದ.

‘ನಿಂತಿದ್ದು ತೋರಸು’ ಅಂದಳು ಇಮಾಮಬಿ.

ತೋರಿಸದೆ ವಿಧಿಯಿರಲಿಲ್ಲ. ಅವಳು ಫೋನನ್ನು ದೂರ ಹಿಡಿದು, ಬಿಸಿಲಿಗೆ ಸೆರಗು ಅಡ್ಡ ಮಾಡಿ, ಬಹಳ ಹೊತ್ತು ನೋಡಿದಳು. ಬಳೆಗಳನ್ನು ಎಣಿಸಿದಳೋ ಏನೋ, ತುಟಿ ಆಡುತ್ತಿದ್ದವು. ಆಮೇಲೆ ಕಂಕುಳ ಇರುವ ಕಡೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

‘ಛಲೋ ಬಂದೈತಿ. ಯಾರೂ ಹಿಡಿದಂಗ ಕಾಣೂದಿಲ್ಲ.’

ಬಸ್ಸು ಬಂದು ನಿಂತಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ಗಂಟು ಹೊತ್ತ ಅಫ್ತಾಬ ಬಾಗಿಲಲ್ಲೇ ಸಿಕ್ಕಿಕೊಂಡ. ಗಿಡ್ಡನೆಯ ಇಮಾಮಬಿ ಮಂದಿಯ ಸಂದಿಯಲ್ಲಿ ತೂರಿ ಒಳಗೆ ಹೋಗಿ, ಕಿಟಕಿಯ ಸೀಟಿನಲ್ಲಿ ಕೂತು, ಬಾಜೂವಿನ ಸೀಟಿನ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಅವಳು ಯಾವಾಗಲೂ ಹಾಗೆಯೇ ಅವನಿಗೆ ಜಾಗ ಹಿಡಿಯುತ್ತಿದ್ದಳು, ಸಾಲೆಯ ದಿನಗಳಿಂದ, ಬಸ್ಸೇ ಇರಲಿ ದವಾಖಾನೆಯ ಬೆಂಚೇ ಇರಲಿ. ಯಾರೋ ಅಲ್ಲಿ ಕೂಡಲಿಕ್ಕೆ ಹೋಗಿ ತಕರಾರು ತೆಗೆದರು. ಕಂಡಕ್ಟರ ಬಂದು, ಯಾರಿಗೆ ಹಿಡಿದೀಯವ್ವಾ ಈ ಸೀಟು, ಅಲ್ಲಿ ನಿಂತಾನಲ್ಲ ಅಂವ ನಿನ್ನ ಮಗ ಏನು ಎಂದು ಬಾಗಿಲ ಕಡೆ ಕೈ ಮಾಡಿದ. ಬಸ್ಸಿನವರೆಲ್ಲ ತಿರುಗಿ ಅಫ್ತಾಬನನ್ನು ನೋಡಿದರು. ಇಮಾಮಬಿಯೂ ನೋಡಿದಳು, ಮುಖದ ಮೇಲೆ ಸಿಟ್ಟು ಇರಲಿಲ್ಲ, ನಗೆಯೂ ಇರಲಿಲ್ಲ.

‘ಅಲ್ಲರಿ, ಅವರು ಸಾಹೇಬರು’ ಅಂದಳು. ‘ನಾ ಅವರ ಮನಿಗೆ ಹೊಲಿಗಿ ಕೆಲಸಕ್ಕ ಹೋಗತೇನಿ.’

ಕಂಡಕ್ಟರ ದಾರಿ ಬಿಡಿಸಿ, ಬರ್ರಿ ಸಾಹೇಬ್ರ ಅಂದ. ಅವಳು ಸೀಟಿನ ಮೇಲಿನ ಕೈ ತೆಗೆದು, ಸೆರಗಿನಿಂದ ಅದರ ಧೂಳು ಒರೆಸಿ, ತಾನು ಕಿಟಕಿಯ ಕಡೆ ಮುದುಡಿ ಸರಿದಳು. ಅಫ್ತಾಬ ಹೋಗಿ ಕೂತ.